ಆರಿಸುವ ಕಣ್ಣು

ಭೌತವಿಜ್ಞಾನ ಅಂದರೆ ನಮ್ಮಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಯಲ್ಲೇ ಸಲಾಂ ಹೇಳಿ ಬಂದ ವಿಷಯ. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನನ್ನಂಥವರಿಗಂತೂ ಅದು ಇನ್ನೊಂದು ಪರಭಾಷೆ. ಹಾಗಾಗಿ, ಕಣಗಳ ಡಿಕ್ಕಿಯ ಚಿತ್ರಗಳನ್ನು ನೋಡಿ ಗುರುತು ಹಾಕಲು ವಿಜ್ಞಾನಿಗಳು ಜನಸಾಮಾನ್ಯರನ್ನೇ ಕರೆದಿದ್ದರು ಎಂದು ಮಗಳು ಹೇಳಿದಾಗ ಕಿವಿ ನಿಮಿರಿತು.

ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಅಲ್ಲಿ ಪ್ರೋಟಾನ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. 2012ರಲ್ಲಿ ಹಿಗ್ಸ್ ಕಣ ಪತ್ತೆಯಾದದ್ದು ಹೀಗೆ. ಆ ಕಣ ಒಡೆದು, ಈವರೆಗೆ ಯಾರೂ ಕಾಣದ ಬೇರೆ ಕಣಗಳಾಗುತ್ತಿರಬಹುದೇ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕಾಗಿ 2014ರ ನವೆಂಬರಿನಲ್ಲಿ ‘ಹಿಗ್ಸ್ ಹಂಟರ್ಸ್’ ಎಂಬ ಹೆಸರಿನಲ್ಲಿ, ಅಲ್ಲಿನ ಅಟ್ಲಾಸ್ ಎಂಬ ಪತ್ತೆಯಂತ್ರದ ಚಿತ್ರಗಳನ್ನು ಝೂನಿವರ್ಸ್ ಜಾಲತಾಣದಲ್ಲಿ ಎಲ್ಲರ ಮುಂದಿಟ್ಟರು.

ನೋಡಬೇಕಾದದ್ದು ಇಷ್ಟೇ. ಡಿಕ್ಕಿಯಾದ ನಡುಜಾಗದಿಂದ ಗೆರೆಗಳು ಸುತ್ತಲೂ ಚಿಮ್ಮಿರುತ್ತವೆ. ವಿದ್ಯುದಂಶವಿರುವ ಕಣ ಗೆರೆ ಬಿಡುತ್ತದೆ, ಇಲ್ಲದ ಕಣ ಬಿಡುವುದಿಲ್ಲ. ಅಂಥದೊಂದು ಕಣ ಸುಳಿವಿಲ್ಲದೆ ಸ್ವಲ್ಪ ದೂರ ಸಾಗಿ ಒಡೆದರೆ, ನಡುಜಾಗದಿಂದ ಆಚೆ, ಏನೂ ಇಲ್ಲದ ಕಡೆಯಿಂದ ಗೆರೆಗಳ ಗೊಂಚಲು ಹುಟ್ಟಿದಂತೆ ಕಾಣುತ್ತದೆ. ಅದರ ಮೇಲೆ ಗುರುತು ಹಾಕಬೇಕು. ವಿಚಿತ್ರವೆನಿಸಿದ್ದನ್ನೂ ತೋರಿಸಬಹುದು. ಒಂದೇ ಚಿತ್ರವನ್ನು ಹಲವರು ನೋಡುತ್ತಿದ್ದರು. ಉತ್ತರ ಮೊದಲೇ ಗೊತ್ತಿದ್ದ ಕೃತಕ ಚಿತ್ರಗಳನ್ನೂ ನಡುವೆ ಬೆರೆಸಿ ನೋಡುವವರ ಕಣ್ಣನ್ನು ಒರೆಗೆ ಹಚ್ಚಿದರು.

179 ದೇಶಗಳ ಜನ ಸುಮಾರು 39,000 ಚಿತ್ರಗಳಲ್ಲಿ 12 ಲಕ್ಷ ಗುರುತು ಹಾಕಿದರು. ಹೊಸ ಕಣವೇನೂ ಸಿಗಲಿಲ್ಲ. ಆದರೆ ಕೆಲವು ಬಗೆಯ ಚಿತ್ರಗಳಲ್ಲಿ ಈ ಜನರ ಕಣ್ಣು ಅಟ್ಲಾಸಿನ ಕಂಪ್ಯೂಟರ್ ವಿಧಾನಕ್ಕೆ ಸರಿಸಾಟಿಯಾಗಿ ನಿಂತಿತು.

ಇದನ್ನು ಓದುವಾಗ ನನಗೆ ನೆನಪಾದವರು ನನ್ನ ಖಾಲಾ. ಮೂಡಿಗೆರೆ, ಕಳಸದ ತೋಟಗಳ ಕಾಫಿ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಬಂದು, ಸಿಪ್ಪೆ ಕಳಚಿ, ಜರಡಿಯಲ್ಲಿ ಗಾತ್ರಕ್ಕೆ ತಕ್ಕಂತೆ ಬೇರೆಯಾದ ಮೇಲೆ ಹೆಂಗಸರ ಮುಂದೆ ಬೀಳುತ್ತಿತ್ತು. ಕರಿ ಬೀಜ, ಒಡಕು ಬೀಜ, ಹುಳ ಕೊರೆದ ಬೀಜಗಳನ್ನು ಅವರು ಆರಿಸಿ ತೆಗೆಯಬೇಕು. ಖಾಲಾ ಮಾತಾಡುತ್ತಲೇ ಆರಿಸುತ್ತಿದ್ದರಂತೆ. ಅವರ ಕೈಚಳಕವನ್ನು ಹೊಗಳಿದರೆ ‘ಕೈ ಅಲ್ಲ ಬೇಟಾ, ನಜರ್’ ಎನ್ನುತ್ತಿದ್ದರು.

ವಿಜ್ಞಾನದ ಚರಿತ್ರೆಯಲ್ಲೂ ಈ ನಜರಿಗೆ ಜಾಗವಿದೆ. 1947ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪಯಾನ್ ಕಣ ಸಿಕ್ಕಿತಲ್ಲ, ಆ ಛಾಯಾಫಲಕಗಳನ್ನು ಸೂಕ್ಷ್ಮದರ್ಶಕದಡಿ ಇಂಚಿಂಚು ಜಾಲಾಡಿದವರು ಅದಕ್ಕೆಂದೇ ತರಬೇತಿ ಪಡೆದ ಹೆಂಗಸರು. 1950ರ ನೊಬೆಲ್ ತಂಡದ ಮುಖ್ಯಸ್ಥ ಸೆಸಿಲ್ ಪೊವೆಲ್‌ಗೆ ಬಂತು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, 1965ರಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಸಿಕ್ಕಾಗಲೂ ನಿಯಾನ್ ಕೊಳವೆಗಳಲ್ಲಿ ಮಿಂಚಿದ ಬೆಳಕಿನ ಗೆರೆಯೇ ಸಾಕ್ಷಿಯಾಗಿತ್ತು.

ಈಗ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ ಬಂದಿದೆ. ಸರ್ನ್‌ನಲ್ಲೂ ಹೆಚ್ಚಿನ ಕೆಲಸ ಕಂಪ್ಯೂಟರಿನದೇ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ಬಗ್ಗಿ ಕೂತವರ ಬೆನ್ನುನೋವು ಕಂಡಿದ್ದೇನೆ. ಆದರೆ ಯಂತ್ರ ಹುಡುಕೆಂದದ್ದನ್ನು ಹುಡುಕುತ್ತದೆ. ಯಾರೂ ಹೇಳದಿದ್ದುದರ ಮುಂದೆ ‘ಇದೇನಿದು?’ ಎಂದು ನಿಲ್ಲುವುದು ಮನುಷ್ಯರ ಕಣ್ಣು.

ಬಿಡುವಿನಲ್ಲಿ, ಸಂಬಳವಿಲ್ಲದೆ ಗೆರೆ ನೋಡಿದವರನ್ನು ‘ನಾಗರಿಕ ವಿಜ್ಞಾನಿಗಳು’ ಎಂದು ಕರೆದರು. ಸರಿಯೇ. ಬದುಕಿಡೀ ಬೀಜ ನೋಡಿದವರನ್ನು ನಾವು ಕೂಲಿಯವರೆಂದೆವು, ಅವರ ಮಕ್ಕಳಿಗೆ ‘ವಿಜ್ಞಾನ ನಿನ್ನ ತಲೆಗೆ ಹತ್ತುವುದಿಲ್ಲ’ ಎಂದೆವು. ಸರಿಯಾಗಿ ನೋಡುವುದೇ ವಿಜ್ಞಾನದ ಮೊದಲ ಪಾಠವಾದರೆ, ಆ ಹುಡುಗಿಯರು ಅದನ್ನು ಮನೆಯಲ್ಲೇ ಕಲಿತು ಬಂದಿರುತ್ತಾರೆ. ಎರಡನೆಯ ಪಾಠ ಕಲಿಸಬೇಕಾದವರು ನಾವು.