ಆಟಿ ತಿಂಗಳ ಚೆನ್ನೆಮಣೆ

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗೆ ಊರು ಎಂದರೆ ಮೇ ತಿಂಗಳು. ಶಾಲೆಗೆ ರಜೆ ಸಿಕ್ಕಿದ ಮರುದಿನವೇ ಗಂಟುಮೂಟೆ ಕಟ್ಟಿಕೊಂಡು ಹೊರಡುವುದು. ಮಾವು, ಹಲಸು, ನಾಲ್ಕು ಮದುವೆ, ಒಂದು ಕೋಲ, ಎರಡು ಯಕ್ಷಗಾನ. ಜೂನ್ ಮೊದಲ ವಾರ ಮಳೆ ಹನಿಯುವಷ್ಟರಲ್ಲಿ ತಿರುಗಿ ಬರುವುದು. ಹಾಗಾಗಿ ನಾವು ಕಂಡ ಊರಿನಲ್ಲಿ ಬಾವಿಯ ತಳ ಯಾವಾಗಲೂ ಕಾಣುತ್ತಿರುತ್ತದೆ, ಗದ್ದೆ ಯಾವಾಗಲೂ ಬಿರುಕು ಬಿಟ್ಟಿರುತ್ತದೆ. ಅದೇ ಗದ್ದೆಯಲ್ಲಿ ಹಸಿರು ನಿಂತದ್ದನ್ನು ನಾನು ಮೊದಲ ಸಲ ಕಂಡದ್ದು ನನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಆಟಿ ತಿಂಗಳಲ್ಲಿ ಊರಿಗೆ ಹೋದಾಗ.

ಹೋಗಲು ಕಾರಣ ಒಂದು ಮಣೆ. ಅಮ್ಮ ತೀರಿಕೊಂಡು ವರ್ಷ ತುಂಬಿದ ಮೇಲೆ ಡೊಂಬಿವಲಿಯ ಮನೆ ಖಾಲಿ ಮಾಡುತ್ತಿದ್ದೆವು. ಅವರ ಕಪಾಟಿನ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟ ಚೆನ್ನೆಮಣೆ ಸಿಕ್ಕಿತು. ಹಲಸಿನ ಮರದ್ದು, ಒಂದು ಮೊಳಕ್ಕಿಂತ ತುಸು ಉದ್ದ. ಏಳೇಳು ಗುಳಿಗಳ ಎರಡು ಸಾಲು. ಎರಡು ತುದಿಗಳಲ್ಲಿ ಗೆದ್ದ ಕಾಯಿ ಹಾಕಿಕೊಳ್ಳಲು ಒಂದೊಂದು ದೊಡ್ಡ ಗುಳಿ. ಜತೆಗೊಂದು ಬಟ್ಟೆಯ ಚೀಲ, ಅದರೊಳಗೆ ಕೆಂಪು ಮಂಜೊಟ್ಟಿ ಕಾಯಿ. ಗುಲಗಂಜಿಯ ಜಾತಿಯಂತೆ ಕಂಡರೂ ಅದಕ್ಕಿಂತ ದೊಡ್ಡವು, ಕಪ್ಪು ಚುಕ್ಕೆ ಇಲ್ಲದವು. ಎಣಿಸಿದೆ, 28 ಇದ್ದವು. ಅದರಲ್ಲೂ ಎರಡು ಕಾಯಿಯಲ್ಲ, ಅಪ್ಪನ ಅಂಗಿಯ ಗುಂಡಿ.

ಚೆನ್ನೆಗೆ 56 ಕಾಯಿ ಬೇಕೆಂಬುದು ಮಾತ್ರ ನನಗೆ ಗೊತ್ತಿತ್ತು. ಉಳಿದರ್ಧ ಎಲ್ಲೋ ಚೆಲ್ಲಿಹೋಗಿರಬೇಕು ಎಂದುಕೊಂಡೆ. ಆಟ ಹೇಗೆಂದು ಅಮ್ಮನನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳುವ ಸಂದರ್ಭ ಬಂದದ್ದುಂಟು. ಸುಮಾರು 2001ರಲ್ಲಿ ನನ್ನ ಕೈಗೆ ನೋಕಿಯಾ 3310 ಫೋನು ಬಂದಿತ್ತು. ಅದರಲ್ಲಿ ಹಾವಿನ ಆಟದ ಜತೆ ‘ಬಂಟುಮಿ’ ಎಂಬ ಇನ್ನೊಂದು ಆಟವಿತ್ತು. ಗುಳಿಯಿಂದ ಕಾಯಿ ಎತ್ತಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಹಾಕುತ್ತ ಹೋಗುವುದು. ಲೋಕಲ್ ಗಾಡಿಯಲ್ಲಿ ಮುಂಬಯಿಯ ಎಷ್ಟು ಹುಡುಗರು ಅದನ್ನು ಒತ್ತುತ್ತ ಕೂತಿರಲಿಲ್ಲ! ಒಂದು ಸಂಜೆ ಅಮ್ಮ ಹಿಂದಿನಿಂದ ಬಗ್ಗಿ ನೋಡಿ, “ಇದು ನಮ್ಮ ಚೆನ್ನೆ ಅಲ್ಲವಾ ಮಗ?” ಎಂದರು. “ಹೂಂ” ಎಂದೆ. ತಲೆ ಎತ್ತಲಿಲ್ಲ.

ಈಗ ಆಟ ಗೊತ್ತಿದ್ದವರು ನಮ್ಮ ಕುಟುಂಬದಲ್ಲಿ ಒಬ್ಬರೇ ಉಳಿದಿದ್ದರು: ಊರಲ್ಲಿರುವ ದೊಡ್ಡಮ್ಮ, ಅಮ್ಮನ ಅಕ್ಕ. ವಯಸ್ಸು ಎಂಬತ್ತೆರಡು. ಅವರಿಗೂ ಅಮ್ಮನಿಗೂ ಮನೆಯ ಪಾಲಿನ ವಿಷಯದಲ್ಲಿ ಜಗಳವಾಗಿ ಹನ್ನೊಂದು ವರ್ಷ ಮಾತಿರಲಿಲ್ಲ. ಮತ್ತೆ ಮಾತು ಸುರುವಾದರೂ ಮೊದಲಿನ ಹಾಗಾಗಲಿಲ್ಲ. ಫೋನಿನಲ್ಲಿ ಮಣೆಯ ಸುದ್ದಿ ಎತ್ತಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರುವುದಾದರೆ ಆಟಿಯಲ್ಲಿ ಬಾ. ಬೇರೆ ತಿಂಗಳಲ್ಲಿ ನಾನು ಆ ಮಣೆ ಮುಟ್ಟುವುದಿಲ್ಲ” ಎಂದರು.

ಇಷ್ಟು ಕಾಲ ನಮಗೆ ಈ ಆಟ ಯಾಕೆ ಕಣ್ಣಿಗೆ ಬೀಳಲಿಲ್ಲ ಎಂಬುದು ಆಗ ಹೊಳೆಯಿತು. ಆಟಿ ಎಂದರೆ ತುಳುವರ ನಾಲ್ಕನೆಯ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ನೇಜಿ ನೆಟ್ಟು ಮುಗಿದಿರುತ್ತದೆ, ಹೊರಗೆ ಕಾಲಿಡಲಾಗದ ಮಳೆ. ಮದುವೆ ಮುಂಜಿ ಇಲ್ಲ, ಹಿಂದಿನ ಕಾಲದಲ್ಲಾದರೆ ಕಣಜದಲ್ಲಿ ಅಕ್ಕಿಯೂ ಇಲ್ಲ. ಮಣೆ ಅಟ್ಟದಿಂದ ಇಳಿಯುವುದು ಆಗ. ನಾವು ಮೇ ತಿಂಗಳಿನವರು. ನಾವು ಹೋದಾಗಲೆಲ್ಲ ಅದು ಅಟ್ಟದಲ್ಲೇ ಇರುತ್ತಿತ್ತು.

ಅಕ್ಕನ ಮಗಳನ್ನು ಜತೆಗೆ ಕರೆದುಕೊಂಡೆ. ಇಂಜಿನಿಯರಿಂಗ್ ಎರಡನೆಯ ವರ್ಷ, ಕಂಪ್ಯೂಟರ್ ವಿಭಾಗ. ಕನ್ನಡ ಓದಲು ನಿಧಾನ, ತುಳು ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. (ಈ ಸಾಲು ಓದಿ ನಗುವವರು ಒಮ್ಮೆ ನಿಮ್ಮ ಮನೆಯೊಳಗೆ ಕಿವಿಗೊಡಿ.) ಕುರ್ಲಾದಿಂದ ಮತ್ಸ್ಯಗಂಧ ಹತ್ತಿದೆವು. ಕೊಂಕಣ ರೈಲು ಪೂರ್ತಿ ದಾರಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮುಂಚೆ ಬಸ್ಸಿನಲ್ಲಿ ನುಗ್ಗಾಗುತ್ತಿದ್ದೆವು ಎಂದು ನಾನು ಹೇಳಲು ಸುರುಮಾಡಿದರೆ ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡಳು. ಮಳೆಗಾಲದಲ್ಲಿ ಈ ದಾರಿಯಲ್ಲಿ ಗಾಡಿಗಳು ವೇಗ ತಗ್ಗಿಸಿ ಓಡುತ್ತವೆ. ಸುರಂಗದಿಂದ ಹೊರಬಿದ್ದಾಗಲೆಲ್ಲ ಒಂದು ಬೆಟ್ಟ, ಬೆಟ್ಟಕ್ಕೊಂದು ಬಿಳಿ ಝರಿ. ಕತ್ತಲಾಗುವ ತನಕ ಅವಳು ಕಿಟಕಿ ಬಿಡಲಿಲ್ಲ.

ಬೆಳಿಗ್ಗೆ ಉಡುಪಿಯಲ್ಲಿ ಇಳಿದು ಕಾರ್ಕಳದ ಬಸ್ಸು. ದಾರಿಯಲ್ಲಿ ಹಿರಿಯಡಕ ಬಂತು. ಸಿರಿ ಜಾತ್ರೆ ನಡೆಯುವ ಊರುಗಳಲ್ಲಿ ಇದೂ ಒಂದು ಎಂದು ತೋರಿಸಿದೆ. ಸಿರಿ ಯಾರು ಎಂದು ಅವಳು ಕೇಳಿದಳು. ದೊಡ್ಡಮ್ಮ ಹೇಳುತ್ತಾರೆ ಎಂದು ಜಾರಿಕೊಂಡೆ. ನನಗೂ ಅರ್ಧ ಕಥೆಯೇ ಗೊತ್ತಿದ್ದದ್ದು.

ಮನೆ ತಲುಪುವಾಗ ಅಂಗಳದಲ್ಲಿ ಹಾವಸೆ, ಕಾಲಿಟ್ಟಲ್ಲಿ ಜಾರುತ್ತಿತ್ತು. ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬಂದಿತ್ತು. ದೊಡ್ಡಮ್ಮ ಚಾವಡಿಯಲ್ಲಿ ಕಂಬಕ್ಕೊರಗಿ ಕೂತಿದ್ದರು. ಕಣ್ಣು ಬಹಳ ಮಂಜಾಗಿದೆ. ಸೀರೆಯ ಗಂಟು ಬಿಚ್ಚಿ ಮಣೆಯನ್ನು ಮುಂದಿಟ್ಟೆ. ಅವರು ಅದನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರಿ, ಒಂದು ಮೂಲೆಯಲ್ಲಿದ್ದ ಸೀಳನ್ನು ಹೆಬ್ಬೆರಳಿನಿಂದ ಹುಡುಕಿದರು. “ಇದೇ. ನಿನ್ನ ಅಮ್ಮ ಕೊಂಡುಹೋದದ್ದಾ? ನಾನು ಗೆದ್ದಲು ತಿಂದಿರಬೇಕು ಅಂತ ಮಾಡಿದ್ದೆ” ಎಂದರು.

ಕಾಯಿ ಸಾಲದು ಎಂದೆ. ಅವರು ನಮ್ಮ ಹುಡುಗಿಯತ್ತ ತಿರುಗಿ, “ಪುಳ್ಳಿ, ಹಟ್ಟಿಯ ಹಿಂದೆ ದೊಡ್ಡ ಮರ ಉಂಟು. ಅದರ ಬುಡದಲ್ಲಿ ಕೆಂಪು ಕೆಂಪು ಬಿದ್ದಿರುತ್ತದೆ. ಹೆಕ್ಕಿಕೊಂಡು ಬಾ” ಎಂದರು. ಅವಳು ಕೊಡೆ ಹಿಡಿದು ಹೋದವಳು ಅರ್ಧ ಗಂಟೆಯ ಮೇಲೆ ಬಂದಳು, ಮೊಣಕಾಲಿನ ತನಕ ಕೆಸರು, ಮುಷ್ಟಿಯ ತುಂಬ ಕಾಯಿ.

ಆಟ ಹೀಗೆ. ಹದಿನಾಲ್ಕು ಗುಳಿಗೂ ನಾಲ್ಕು ನಾಲ್ಕು ಕಾಯಿ. ಒಬ್ಬೊಬ್ಬರಿಗೆ ಒಂದೊಂದು ಸಾಲು. ನಿಮ್ಮ ಸಾಲಿನ ಯಾವುದಾದರೂ ಗುಳಿಯ ಕಾಯಿಗಳನ್ನೆಲ್ಲ ಎತ್ತಿ, ಬಲಕ್ಕೆ ಮುಂದಿನ ಗುಳಿಯಿಂದ ಒಂದೊಂದು ಹಾಕುತ್ತ ಹೋಗಬೇಕು. ಸಾಲು ಮುಗಿದರೆ ಎದುರಿನವರ ಸಾಲಿಗೆ ತಿರುಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಮುಂದುವರಿಸಬೇಕು. ಮುಂದಿನ ಗುಳಿ ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿ ಇದ್ದಷ್ಟು ನಿಮ್ಮದು, ಆಟ ಎದುರಿನವರಿಗೆ. ಆಚೆಯದೂ ಖಾಲಿಯೋ, ನಿಮ್ಮ ಕೈಯೂ ಖಾಲಿ. ಇನ್ನೊಂದು ಉಂಟು: ಕಾಯಿ ಹಾಕುತ್ತ ಹೋಗುವಾಗ ಯಾವ ಗುಳಿಯಲ್ಲಾದರೂ ಸರಿಯಾಗಿ ನಾಲ್ಕು ಕೂಡಿದರೆ ಅದು ‘ಪೆರ್ಗ’, ಆ ಗುಳಿ ಯಾರ ಸಾಲಿನದೋ ಅವರಿಗೆ. ತಮಿಳರು ಅದನ್ನು ‘ಪಸು’, ಅಂದರೆ ಹಸು ಎನ್ನುತ್ತಾರೆ. ಇದು ನಮ್ಮ ಮನೆಯ ಕ್ರಮ. ಬೇರೆ ಮನೆಯಲ್ಲಿ ಬೇರೆ ಇದ್ದೀತು. ನಿಮ್ಮ ಅಜ್ಜಿ ಇದು ತಪ್ಪು ಎಂದರೆ ಅವರು ಹೇಳಿದ್ದೇ ಸರಿ.

ಹುಡುಗಿ ಮೊದಲ ಆಟಕ್ಕೆ ಯಾವ ಗುಳಿ ಎತ್ತಲಿ ಎಂದು ಯೋಚಿಸುತ್ತ ಕೂತಳು. ದೊಡ್ಡಮ್ಮ, “ಎಷ್ಟು ಯೋಚನೆ ಮಾರಾಯ್ತಿ! ಎಲ್ಲಿಂದ ತೆಗೆದರೂ ನಿನಗೆ ಆರೇ ಸಿಗುವುದು” ಎಂದರು. ಅವಳಿಗೆ ನಂಬಿಕೆ ಬರಲಿಲ್ಲ. ಎತ್ತಿದಳು, ಸುತ್ತಿದಳು, ಏಳು ಸಲ ಎತ್ತಿ ಹಾಕಿದ ಮೇಲೆ ಖಾಲಿ ಗುಳಿ ಎದುರಾಯಿತು. ಆಚೆಯದರಲ್ಲಿ ಆರು. ಮತ್ತೆ ಎಲ್ಲವನ್ನೂ ನಾಲ್ಕು ನಾಲ್ಕು ಜೋಡಿಸಿ ಬೇರೆ ಗುಳಿಯಿಂದ ಸುರುಮಾಡಿದಳು. ಆರು. ಎರಡು ಸಾಲು ಸೇರಿ ಒಂದು ಉರುಟು, ಉರುಟಿಗೆ ಮೊದಲು ಕೊನೆ ಇಲ್ಲವಲ್ಲ, ಹಾಗಾಗಿ ಎಲ್ಲಿ ಹಿಡಿದರೂ ಒಂದೇ ಎಂದು ಆಮೇಲೆ ಅವಳೇ ನನಗೆ ವಿವರಿಸಿದಳು. ಎರಡನೆಯ ಆಟದಿಂದ ಮಾತ್ರ ಲೆಕ್ಕ ಬೇರೆ. ಅಲ್ಲಿಂದಾಚೆ ದೊಡ್ಡಮ್ಮ ಅವಳಿಗೆ ಉಸಿರಾಡಲು ಬಿಡಲಿಲ್ಲ. ಕಣ್ಣು ಕಾಣದವರು ಬೆರಳ ತುದಿಯನ್ನು ಗುಳಿಯ ಅಂಚಿಗೆ ತಾಗಿಸಿದರೆ ಎಷ್ಟಿದೆ ಎಂದು ಗೊತ್ತಾಗುತ್ತಿತ್ತು. ಮೂರು ದಿನದಲ್ಲಿ ಹುಡುಗಿ ಗೆದ್ದದ್ದು ಎರಡೇ ಸಲ. ಅದರಲ್ಲೊಂದು ದೊಡ್ಡಮ್ಮ ಬಿಟ್ಟುಕೊಟ್ಟದ್ದು ಎಂದು ನನ್ನ ಗುಮಾನಿ.

ಎರಡನೆಯ ದಿನ ಪತ್ರೊಡೆ ತಿಂದು ಕೂತಾಗ ನಾನೂ ಅಕ್ಕನೂ ಆಡಬಹುದಲ್ಲ ಎಂದೆ. ದೊಡ್ಡಮ್ಮ ಕೈಬೀಸಿದರು. ಒಡಹುಟ್ಟಿದವರು, ಅದರಲ್ಲೂ ಅಕ್ಕತಂಗಿಯರು ಚೆನ್ನೆ ಆಡಬಾರದಂತೆ. ಆಗ ಬಂತು ಸಿರಿಯ ಕಥೆ. ಸಿರಿ ಪಾಡ್ದನದ ಕೊನೆಗೆ ಅಬ್ಬಗ ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಬರುತ್ತಾರೆ. ದೊಡ್ಡವರು ಮನೆಯಲ್ಲಿಲ್ಲದ ಹೊತ್ತು ಇಬ್ಬರೂ ಚೆನ್ನೆ ಆಡಲು ಕೂರುತ್ತಾರೆ. ಆಟದಲ್ಲಿ ಮಾತಿಗೆ ಮಾತು ಬೆಳೆದು ಒಬ್ಬಳು ಮಣೆ ಎತ್ತಿ ಇನ್ನೊಬ್ಬಳ ತಲೆಗೆ ಬಡಿಯುತ್ತಾಳೆ. ಅವಳು ಸಾಯುತ್ತಾಳೆ; ಹೊಡೆದವಳು ಬಾವಿಗೆ ಹಾರುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಅವರ ಸಂಗಡಿಗರು ಬರೆದಿಳಿಸಿ 1998ರಲ್ಲಿ ಪುಸ್ತಕವಾಗಿ ತಂದಿದ್ದಾರೆ. ದೊಡ್ಡಮ್ಮನಿಗೆ ಆ ಸುದ್ದಿ ತಿಳಿಯದು. ಅವರಿಗೆ ಕಥೆ ಗೊತ್ತಿರುವುದು ಗದ್ದೆಯಲ್ಲಿ ಕೇಳಿ.

“ನೀವಿಬ್ಬರು ಆಡುತ್ತಿರಲಿಲ್ಲವಾ ಹಾಗಾದರೆ?” ಎಂದೆ.

“ಆಡದೆ ಮತ್ತೆ? ಅಮ್ಮ ಬೈಯುತ್ತಿದ್ದರು, ಅಟ್ಟದಲ್ಲಿ ಕದ್ದು ಆಡುತ್ತಿದ್ದೆವು. ಜಗಳ ಆದದ್ದು ಅದರಿಂದ ಅಂತ ಊರವರು ಹೇಳುತ್ತಾರೆ. ಅಲ್ಲ. ಅದು ಕೋರ್ಟಿನ ಕಾಗದದಿಂದ.”

ಹೊರಗೆ ಮಳೆ ಜೋರಾಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹುಡುಗಿಯೇ ಮಾತು ಬದಲಿಸಿದಳು. ಅವಳ ಫೋನಿನಲ್ಲಿಯೂ ‘ಮಂಕಾಲಾ’ ಎಂಬ ಹೆಸರಿನಲ್ಲಿ ಇಂಥದೊಂದು ಆಟವಿದೆ. ಅದನ್ನು ಅಜ್ಜಿಗೆ ವಿವರಿಸಿದಳು, ನಡುನಡುವೆ ನಾನು ತುಳುವಿಗೆ ಇಳಿಸಿದೆ. ಸಾಗಿಸು ಎಂಬರ್ಥದ ಅರಬ್ಬಿ ಮಾತಿನಿಂದ ಬಂದ ಆ ಹೆಸರು ಈಗ ಇಡೀ ಕುಲಕ್ಕೆ ನಿಂತಿದೆ. ಹಳೆ ಮೈಸೂರಿನ ಕಡೆ ಇದು ಅಳಗುಳಿಮಣೆ, ತಮಿಳಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು, ಮಲೇಷಿಯಾದಲ್ಲಿ ಚೊಂಗ್‌ಕಾಕ್, ಫಿಲಿಪ್ಪೀನ್ಸಿನಲ್ಲಿ ಸುಂಗ್ಕಾ, ಘಾನಾದಲ್ಲಿ ಓವಾರೆ. ನಮ್ಮ ಸಮುದ್ರದಾಚೆ ಜಂಜೀಬಾರಿನಲ್ಲಿ ಆಡುವ ‘ಬಾವೊ’ ಇವೆಲ್ಲಕ್ಕೂ ಕಠಿಣ: ಎಂಟೆಂಟರ ನಾಲ್ಕು ಸಾಲು, 64 ಕಾಯಿ. ಸ್ವಾಹಿಲಿಯಲ್ಲಿ ಬಾವೊ ಎಂದರೆ ಹಲಗೆ, ನಮ್ಮ ‘ಮಣೆ’ಯೇ. ಕಾಯಿಗೆ ಅವರು ಬಳಸುವುದು ಗಜ್ಜುಗವನ್ನು ಎಂದಾಗ ದೊಡ್ಡಮ್ಮ, “ಅದು ಇಲ್ಲಿ ಬೇಲಿಯಲ್ಲಿ ಬೇಕಾದಷ್ಟು ಉಂಟಲ್ಲ!” ಎಂದರು.

ನನ್ನ ನೋಕಿಯಾದ ಆಟದ ಮೂಲ ಮಾತ್ರ ಬೇರೆ. ಅದು 1940ರಲ್ಲಿ ವಿಲಿಯಂ ಜೂಲಿಯಸ್ ಚಾಂಪಿಯನ್ ಎಂಬ ಅಮೆರಿಕದವನು ರೂಪಿಸಿದ ‘ಕಲಾಹ್’ ಎಂಬ ಆಟದ ಮಾದರಿಯದು. ಇನ್ನು ಓವಾರೆಯ ಜಾತಿಯ ‘ಅವಾರಿ’ಯನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾಲಯವೊಂದರ ಇಬ್ಬರು ಕಂಪ್ಯೂಟರ್ ವಿಜ್ಞಾನಿಗಳು 144 ಪ್ರೊಸೆಸರುಗಳನ್ನು ಜೋಡಿಸಿ ಪೂರ್ತಿ ಬಿಡಿಸಿದರು. ಅವರು ನೋಡಿದ ನಿಲುವುಗಳ ಸಂಖ್ಯೆ 88,906 ಕೋಟಿಗೂ ಮೇಲೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮ ಎಂಬುದು ಉತ್ತರ. ಕಜಕಸ್ತಾನ, ಕಿರ್ಗಿಜ್‌ಸ್ತಾನ, ತುರ್ಕಿ ಸೇರಿ ತಮ್ಮ ಗುಳಿ ಆಟಗಳನ್ನು 2020ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿಸಿದ್ದೂ ಉಂಟು. ನಮ್ಮಲ್ಲಿ ಮಣೆಗಳು ಸೇರಿರುವುದು ಷೋಕೇಸಿಗೆ. ಪಿತ್ತಾಳೆ ಹೂಜಿಯ ಪಕ್ಕ ನಿಲ್ಲಿಸಿ, ಗುಳಿಗಳಲ್ಲಿ ಧೂಳು ತುಂಬಿಸಿ, ಬಂದವರಿಗೆ ‘ಆಂಟಿಕ್’ ಎಂದು ತೋರಿಸುವ ಮನೆಗಳನ್ನು ಮುಂಬಯಿಯಲ್ಲಿ ನಾನೇ ಕಂಡಿದ್ದೇನೆ. ಆ ಮನೆಯವರಲ್ಲಿ ಒಬ್ಬರಿಗಾದರೂ ಆಡಲು ಬಂದರೆ ನನ್ನ ತಕರಾರಿಲ್ಲ.

ಹೊರಡುವ ಹಿಂದಿನ ಸಂಜೆ ಕಾಯಿಗಳನ್ನು ಚೀಲಕ್ಕೆ ತುಂಬುತ್ತ, ಅಮ್ಮನ ಚೀಲದಲ್ಲಿ ಗುಂಡಿ ಸೇರಿ 28 ಮಾತ್ರ ಇತ್ತೆಂದು ದೊಡ್ಡಮ್ಮನಿಗೆ ಹೇಳಿದೆ. ಅವರು ತಟ್ಟನೆ ನನ್ನ ಕೈ ಹಿಡಿದು, “ಸರಿಯಾಗಿ ಇಪ್ಪತ್ತೆಂಟಾ? ಎಣಿಸಿದ್ದೀಯಾ?” ಎಂದರು. ಹೌದೆಂದೆ. ಅವರು ಮಣೆಯನ್ನು ಎಳೆದುಕೊಂಡು ಒಂದೇ ಸಾಲಿನಲ್ಲಿ ಎಡದಿಂದ ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು ಎಂದು ಕಾಯಿ ಜೋಡಿಸಿದರು. ಕೂಡಿಸಿ ನೋಡಿ, 28. ಏಳನ್ನು ಎತ್ತಿ ಬಲಕ್ಕೆ ಒಂದೊಂದು ಹಾಕುತ್ತ ಹೋಗಿ, ಏಳನೆಯ ಕಾಯಿಯನ್ನು ಎತ್ತಿದ ಗುಳಿಗೇ ತಂದು ಹಾಕಿದರು. ಈಗ ಸಾಲು ಒಂದು, ಏಳು, ಆರು, ಐದು, ನಾಲ್ಕು, ಮೂರು, ಎರಡು. ಮತ್ತೆ ಏಳಿದ್ದ ಗುಳಿಯನ್ನು ಎತ್ತಿದರು. ಹೀಗೆ ಏಳು ಸಲ ಆದಾಗ ಮೊದಲು ಹೇಗಿತ್ತೋ ಹಾಗೇ ಬಂದು ನಿಂತಿತು. ಎಲ್ಲಿಯೂ ನಿಲ್ಲುವುದಿಲ್ಲ, ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ.

“ಇದು ಸೀತೆ ಆಟ. ಅಶೋಕವನದಲ್ಲಿ ಸೀತೆಗೆ ಆಡಲು ಯಾರಿದ್ದರು? ಒಬ್ಬಳೇ ಆಡುವುದು” ಎಂದರು. ಸ್ವಲ್ಪ ತಡೆದು, “ಎರಡು ಕಾಯಿ ಕಳೆದುಹೋದಾಗ ಗುಂಡಿ ಹಾಕಿ ಲೆಕ್ಕ ಸರಿಮಾಡಿದ್ದಾಳೆ. ತುಂಬ ಆಡಿದ್ದಾಳೆ ನಿನ್ನ ಅಮ್ಮ” ಎಂದರು.

ಡೊಂಬಿವಲಿಯ ಆ ಮನೆಯ ಮಧ್ಯಾಹ್ನಗಳು ನೆನಪಾದವು. ಅಪ್ಪ ಹೋಟೆಲಿಗೆ, ನಾವು ಶಾಲೆಗೆ, ಆಮೇಲೆ ಕೆಲಸಕ್ಕೆ. ಅಮ್ಮ ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು.

ಮಣೆಯನ್ನು ಅಲ್ಲೇ ಬಿಟ್ಟುಬರಬೇಕೆಂದಿದ್ದೆ. ದೊಡ್ಡಮ್ಮ ಒಪ್ಪಲಿಲ್ಲ. ಇಲ್ಲಿ ಯಾರಿದ್ದಾರೆ ಆಡುವವರು, ಪುಳ್ಳಿ ಕೊಂಡುಹೋಗಲಿ ಎಂದರು. ಅಪ್ಪನ ಅಂಗಿಯ ಎರಡು ಗುಂಡಿಗಳನ್ನು ಮಾತ್ರ ತೆಗೆದು ತಮ್ಮ ಎಲೆಡಿಕೆಯ ಡಬ್ಬಿಗೆ ಹಾಕಿಕೊಂಡರು. ಅದಕ್ಕೆ ಬದಲು ಎರಡು ಹೊಸ ಕಾಯಿ ಕೊಟ್ಟರು. ಈಗ 56 ಪೂರ್ತಿ ಇವೆ.

ಮುಂಬಯಿಗೆ ಬಂದ ಮೇಲೆ ಹುಡುಗಿಯ ಕಾಲೇಜಿನ ಗೆಳತಿಯರು ಭಾನುವಾರಗಳಲ್ಲಿ ಮನೆಗೆ ಬರತೊಡಗಿದರು: ಒಬ್ಬಳು ಮರಾಠಿ, ಒಬ್ಬಳು ಗುಜರಾತಿ, ಒಬ್ಬಳು ಮಧುರೆಯ ಕಡೆಯವಳು. ಆ ಮಧುರೆಯವಳಿಗೆ ಆಟ ಮೊದಲೇ ಬರುತ್ತಿತ್ತು, ಹಾಗಾಗಿ ಪೆರ್ಗವೋ ಪಸುವೋ ಎಂದು ಜಗಳ. ಆಗಸ್ಟ್ ನಡುವಿನಲ್ಲಿ ಒಂದು ಸಂಜೆ ದೊಡ್ಡಮ್ಮನ ಫೋನು ಬಂತು. ಫೋನಿನ ಸ್ಪೀಕರು ಹಾಕಿದ್ದರಿಂದ ನನಗೂ ಕೇಳಿಸಿತು.

“ಪುಳ್ಳಿ, ನಾಳೆಯಿಂದ ಸೋಣ ತಿಂಗಳು. ಮಣೆ ಎತ್ತಿಟ್ಟಾಯಿತಾ?”

“ಆಯಿತು ಅಜ್ಜಿ” ಎಂದಳು ಅವಳು, ತುಳುವಿನಲ್ಲೇ. ಬಲಗೈಯಲ್ಲಿ ಇನ್ನೂ ಮೂರು ಕಾಯಿ ಹಾಕುವುದು ಬಾಕಿ ಇತ್ತು. ಸದ್ದಾಗದಂತೆ ಒಂದೊಂದಾಗಿ ಹಾಕಿದಳು.