ಉಪ್ಪುನೀರಿಗೆ ಜಗ್ಗದ ಕಗ್ಗ

ಕುಮಟಾದಿಂದ ಅಂಕೋಲಾ ಕಡೆಗೆ ಹೊರಟವರು ದಾರಿಯಲ್ಲಿ ಮಿರ್ಜಾನ್ ಕೋಟೆ ನೋಡಿ, ನೇರ ಗೋಕರ್ಣದ ಹಾದಿ ಹಿಡಿಯುವುದೇ ಹೆಚ್ಚು. ಕೋಟೆಗೆ ಅನತಿ ದೂರದಲ್ಲಿ ಹರಿಯುವ ಅಘನಾಶಿನಿಯ ದಡಕ್ಕೆ ಇಳಿಯುವವರು ಕಡಿಮೆ. ಇಳಿದರೆ ಅಲ್ಲೊಂದು ಸೋಜಿಗ ಕಾದಿರುತ್ತದೆ. ಕಡಲಿನ ಉಪ್ಪುನೀರು ನುಗ್ಗುವ ನೆಲದಲ್ಲಿ ಭತ್ತ ಬೆಳೆಯುತ್ತದೆ!

ಶಿರಸಿ ಸೀಮೆಯಲ್ಲಿ ಹುಟ್ಟುವ ಅಘನಾಶಿನಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಘಟ್ಟ ಇಳಿದ ಮೇಲೆ ಅಗಲವಾಗಿ ಹರಡಿಕೊಂಡು ತದಡಿಯ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಈ ಹೊಳೆಗೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು, ಬೇಸಿಗೆಯಲ್ಲಿ ಭರತದ ಉಪ್ಪುನೀರು ಸರದಿಯಂತೆ ಬಂದುಹೋಗುತ್ತವೆ. ದಡದ ಈ ತಗ್ಗು ಬಯಲಿಗೆ ಗಜನಿ ಎಂದು ಹೆಸರು. ಅಲ್ಲಿ ಬೆಳೆಯುವ ಭತ್ತವೇ ಕಗ್ಗ. ಮಾಣಿಕಟ್ಟಾ ಗ್ರಾಮದ ರೈತರು ಅದನ್ನು ಉಳಿಸಿಕೊಂಡು ಬಂದವರಲ್ಲಿ ಪ್ರಮುಖರು.

ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದಾಗ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯೂ ಇಲ್ಲ. ನೆರೆ ಬಂದು ಪೈರು ಕೆಲದಿನ ಮುಳುಗಿದರೂ ಕಗ್ಗ ತಲೆಯೆತ್ತುತ್ತದೆ. ಉಪ್ಪು ತುಸು ಏರಿದರೂ ತಾಳಿಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆ ಮಾತ್ರ ಮನೆಗೆ, ಹುಲ್ಲು ಗದ್ದೆಗೇ.

ಆ ಹುಲ್ಲಿನಲ್ಲೇ ಬೇಸಾಯದ ಗುಟ್ಟಿದೆ. ಕೊಯ್ಲು ಮುಗಿದ ಮೇಲೆ ಒಡ್ಡಿನ ಜಂತ್ರಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನೀರಿನೊಂದಿಗೆ ಮೀನು, ಸಿಗಡಿಯ ಮರಿಗಳು ಬರುತ್ತವೆ. ಕೊಳೆಯುವ ಹುಲ್ಲಿನ ಆಸರೆಯಲ್ಲಿ ಅವು ಬೆಳೆಯುತ್ತವೆ. ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಒಂದೇ ಗದ್ದೆ, ಎರಡು ಫಸಲು. ಹೊಳೆಗೆ ವಿಷದ ಹನಿಯೂ ಇಲ್ಲ.

ಇಷ್ಟೆಲ್ಲ ನಿಂತಿರುವುದು ಒಡ್ಡಿನ ಮೇಲೆ. ಹಿಂದೆ ಊರವರೇ ಸೇರಿ ಮಣ್ಣಿನ ಒಡ್ಡು ಹಾಕುತ್ತಿದ್ದರು. ಹೊರಮಗ್ಗುಲಿನ ಕಾಂಡ್ಲಗಿಡಗಳು ಅಲೆಯ ಹೊಡೆತ ತಡೆಯುತ್ತಿದ್ದವು. 1970ರ ದಶಕದಲ್ಲಿ ಸರ್ಕಾರದ ಕಲ್ಲಿನ ಒಡ್ಡುಗಳು ಬಂದವು. ಆಮೇಲೆ ಸಿಗಡಿಗೆ ಬೆಲೆ ಬಂತು. ಭತ್ತದ ಪಾಡು ಯಾರಿಗೆ ಬೇಕು? ಹಲವರು ಬೇಸಾಯ ಬಿಟ್ಟು ಗಜನಿಯನ್ನು ಸಿಗಡಿಗೇ ಮೀಸಲಿಟ್ಟರು. 1990ರ ದಶಕದ ಮಧ್ಯದಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ತಗಲಿದಾಗ ಆ ಲೆಕ್ಕಾಚಾರವೂ ತಪ್ಪಿತು.

ಗಜನಿಯಲ್ಲಿ ಒಬ್ಬನೇ ರೈತ ಬೇಸಾಯ ಮಾಡಲಾರ. ಪಕ್ಕದವನು ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಇವನ ಮೊಳಕೆ ಸುಡುತ್ತದೆ. ಒಡ್ಡಿನಲ್ಲಿ ಏಡಿ ಕೊರೆದ ತೂತು ಒಬ್ಬನ ಪಾಲಿನದಾದರೂ ನಷ್ಟ ಎಲ್ಲರದು. ಕಗ್ಗದ ಬೀಜವನ್ನೂ ವರ್ಷಗಟ್ಟಲೆ ಕಣಜದಲ್ಲಿಟ್ಟು ಕಾಯಲಾಗದು. ಬಿತ್ತುತ್ತಿದ್ದರೆ ಮಾತ್ರ ಅದು ಉಳಿದೀತು.

2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸರ್ ತಾಣದ ಮನ್ನಣೆ ದೊರೆಯಿತು. ಹಕ್ಕಿ, ಕಾಂಡ್ಲವನ, ಬಳಚುಗಳ ಜೊತೆಗೆ ಈ ಗದ್ದೆಗಳೂ ಆ ಅಳಿವೆಯ ಐಶ್ವರ್ಯವೇ. ಮಳೆ ಹಿಂದೆ ಸರಿದು ತೆನೆ ಬಾಗುವ ಕಾಲಕ್ಕೆ ಇಲ್ಲಿಗೆ ಬಂದವರು ಒಡ್ಡಿನ ಮೇಲೆ ನಿಂತು ನೋಡಬೇಕು. ಒಂದು ಬದಿಗೆ ಭರತದ ನೀರು, ಇನ್ನೊಂದು ಬದಿಗೆ ಮಾಗಿದ ಕಗ್ಗ. ನಡುವೆ ಇರುವುದು ನಾಲ್ಕು ಹೆಜ್ಜೆ ಮಣ್ಣು, ಮತ್ತು ಅದನ್ನು ಕಾಯುವ ಊರಿನ ಒಗ್ಗಟ್ಟು.