ಹೇಳುವ ರೇಟು, ಮಾರುವ ರೇಟು

ಒಂದು ಬೀದಿಯಲ್ಲಿ ಯಾವ ಮನೆಗೆ ಎಷ್ಟು ಹೇಳುತ್ತಿದ್ದಾರೆ ಅನ್ನೋದು ಹಾಲಿನ ಬೂತಿನವರಿಗೂ ಗೊತ್ತಿರುತ್ತೆ. ಎಷ್ಟಕ್ಕೆ ಹೋಯಿತು ಅನ್ನೋದು ಮಾತ್ರ ಕೊಟ್ಟವರು, ಕೊಂಡವರು, ಬ್ರೋಕರು ಬಿಟ್ಟರೆ ಯಾರಿಗೂ ಗೊತ್ತಿರೋಲ್ಲ. ಕಿವಿಗೆ ಬೀಳೋದೆಲ್ಲ ಹೇಳುವ ರೇಟು. ಮನೆ ಮಾರಲು ಹೊರಟವರು ಲೆಕ್ಕ ಶುರು ಮಾಡೋದೂ ಅಲ್ಲಿಂದಲೇ.

ಹೋದ ವರ್ಷ ಮೈಸೂರಿನಲ್ಲಿದ್ದ ಅಮ್ಮನ ಮನೆ ಮಾರಬೇಕಾಯಿತು. ಅಮ್ಮನಿಗೆ ಎಪ್ಪತ್ತೆಂಟು, ಮಂಡಿ ನೋವು, ಒಬ್ಬರೇ ಇರೋದು ಕಷ್ಟ. ಬರುವ ದುಡ್ಡಿನ ಬಡ್ಡಿಯಲ್ಲೇ ಔಷಧಿ, ನೋಡಿಕೊಳ್ಳುವವರ ಸಂಬಳ ಎಲ್ಲ ನಡೀಬೇಕು. "ಪಕ್ಕದ ರಸ್ತೇಲಿ ಒಂದೂವರೆ ಕೋಟಿ ಹೇಳ್ತಿದ್ದಾರೆ, ನಾವ್ಯಾಕೆ ಕಮ್ಮಿ ಹೇಳ್ಬೇಕು?" ಅಂದ ಅಣ್ಣ. "ಹೇಳ್ತಿದ್ದಾರೆ ಸರಿ, ಎಷ್ಟು ತಿಂಗಳಿಂದ?" ಅಂತ ಅಕ್ಕ ಕೇಳಿದಳು. ಆ ಮನೆಯ ಗೇಟಿಗೆ ಕಟ್ಟಿದ್ದ ಬೋರ್ಡಿನ ಬಣ್ಣ ಬಿಸಿಲಿಗೆ ಹೋಗಿತ್ತು.

ನಾನು ಕಾಗದ, ಪೆನ್ನು ಹಿಡಿದು ಕೂತೆ. ನಮ್ಮದು 30-40 ಸೈಟು, ಅಂದರೆ 1,200 ಚದರಡಿ. ಆಸುಪಾಸಿನಲ್ಲಿ ಇತ್ತೀಚೆಗೆ ನಿಜವಾಗಿ ಮಾರಾಟವಾದ ಮೂರು ಜಾಗಗಳ ರೇಟನ್ನು ಇಬ್ಬರು ಬ್ರೋಕರುಗಳ ಹತ್ತಿರ ಬೇರೆ ಬೇರೆಯಾಗಿ ವಿಚಾರಿಸಿದ್ದೆ. ಚದರಡಿಗೆ 8,000ದ ಆಚೀಚೆ ಇತ್ತು. ಜಾಗಕ್ಕೆ 96 ಲಕ್ಷ ಆಯಿತು. ಕಟ್ಟಡ ಹತ್ತು ಚದರ, 1991ರದ್ದು. ಈಗ ಕಟ್ಟಿಸಲು ಚದರಡಿಗೆ 2,000 ಹಿಡಿದರೂ 20 ಲಕ್ಷ. ಆರ್‌ಸಿಸಿ ಮನೆಯ ಆಯಸ್ಸು 60 ವರ್ಷ ಅಂದುಕೊಂಡು ಸವೆದ 34 ವರ್ಷ ಕಳೆದರೆ ಉಳಿಯೋದು ಎಂಟೂವರೆ ಲಕ್ಷ ಚಿಲ್ಲರೆ. ಒಟ್ಟು ಒಂದು ಕೋಟಿ ನಾಲ್ಕೂವರೆ ಲಕ್ಷ.

ಅಮ್ಮ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. "ತೆಂಗಿನ ಮರಕ್ಕೆ ಎಷ್ಟು ಹಾಕಿದ್ಯೋ?"

"ಅದಕ್ಕೇನೂ ಬರಲ್ಲಮ್ಮ."

"ನಿಮ್ಮಪ್ಪ ಹದಿನೈದು ವರ್ಷ ಸಾಲ ತೀರಿಸಿದ್ರಲ್ಲ, ಅದಕ್ಕೆ?"

"ಅದಕ್ಕೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಬಿಡು, ಅವನ್ನ ನಾವೇ ಇಟ್ಕೊಳೋಣ" ಅಂದರು.

ಅಣ್ಣನ ವಾದ ಇನ್ನೊಂದಿತ್ತು: ಜಾಸ್ತಿ ಹೇಳಿದರೆ ಗಂಟೇನು ಹೋಗುತ್ತೆ, ಆಮೇಲೆ ಇಳಿಸಿದರಾಯ್ತು. ಗಂಟು ಹೋಗುತ್ತೆ. ಕೊಳ್ಳುವವರಲ್ಲಿ ಮುಕ್ಕಾಲು ಪಾಲು ಜನ ಬರೋದು ಸಾಲ ನಂಬಿಕೊಂಡು. ಬ್ಯಾಂಕು ತನ್ನ ವ್ಯಾಲ್ಯುಯರ್ ಕಟ್ಟಿದ ಬೆಲೆ ನೋಡುತ್ತೆಯೇ ಹೊರತು ನಾವು ಹೇಳಿದ್ದನ್ನಲ್ಲ. ಸಾಲ 75 ಲಕ್ಷ ದಾಟಿದರೆ ಆ ಬೆಲೆಯ 75% ಮೀರಿ ಕೊಡೋ ಹಾಗೂ ಇಲ್ಲ. ಉಳಿದದ್ದನ್ನು ಕೈಯಿಂದ ಹಾಕಲಾಗದವರು ರೇಟು ಕೇಳಿಯೇ ಸುಮ್ಮನಾಗುತ್ತಾರೆ, ಫೋನು ಕೂಡ ಮಾಡಲ್ಲ. ಆರು ತಿಂಗಳು ಕಳೆದ ಮೇಲೆ ಬರುವವರ ಮೊದಲ ಪ್ರಶ್ನೆಯೇ "ಇಷ್ಟು ದಿನ ಯಾಕೆ ಹೋಗಿಲ್ಲ? ದಾಖಲೆ ಸರಿ ಇಲ್ವಾ?" ಅಂತ. ಆಗ ಸರಿಯಾದ ಬೆಲೆಗಿಂತಲೂ ಕೆಳಗೆ ಇಳಿಯಬೇಕಾಗುತ್ತೆ.

ಚೌಕಾಸಿಗೆ ಐದು ಲಕ್ಷ ಜಾಗ ಬಿಟ್ಟು ಒಂದು ಕೋಟಿ ಹತ್ತು ಲಕ್ಷ ಅಂತ ಹೇಳಿದೆವು. ಮೊದಲು ಬಂದವರು ಚೌಕಾಸಿಯನ್ನೇ ಮಾಡಲಿಲ್ಲ. ಹದಿನೈದು ಕೊಡ್ತೀವಿ, ಆದರೆ ಪತ್ರದಲ್ಲಿ 75 ಲಕ್ಷ, ಮಿಕ್ಕ ನಲವತ್ತು ಕ್ಯಾಶು ಅಂದರು. ಅಣ್ಣನ ಮುಖ ಅರಳಿತು. ಸರ್ಕಾರದ ಮಾರ್ಗಸೂಚಿ ದರ ಮುದ್ರಾಂಕ ಶುಲ್ಕಕ್ಕೆ ಕನಿಷ್ಠ ಗೆರೆ, ಮಾರುಕಟ್ಟೆ ಬೆಲೆ ಅಲ್ಲ. ಈ ಎರಡರ ನಡುವಿನ ಅಂತರದಲ್ಲೇ ಕಪ್ಪು ಹಣ ಓಡಾಡೋದು. ಆದರೆ ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಅದಕ್ಕೂ ಮೇಲೆ ನಗದು ತೆಗೆದುಕೊಂಡರೆ, ಅಷ್ಟೇ ಮೊತ್ತದ ದಂಡ ಬೀಳೋದು ಕೊಟ್ಟವರಿಗಲ್ಲ, ತೆಗೆದುಕೊಂಡವರಿಗೆ. ಅಂದರೆ ಅಮ್ಮನಿಗೆ. ನಾನು ಕಾನೂನು ವಿವರಿಸುವ ಮೊದಲೇ ಅಮ್ಮ ಕೇಳಿದರು: "ನಲವತ್ತು ಲಕ್ಷ ನೋಟು ಬೀರುವಲ್ಲಿಟ್ಕೊಂಡು ನಾನೇನಪ್ಪಾ ಮಾಡ್ಲಿ? ಬ್ಯಾಂಕಿನವರು ಎಫ್‌ಡಿ ಮಾಡ್ಕೊಡ್ತಾರಾ?" ಹೆಚ್ಚಿಗೆ ಕಂಡ ಬೆಲೆಯಲ್ಲಿ ಅಮ್ಮನಿಗೆ ಬಡ್ಡಿ ತರುವ ದುಡ್ಡು ಮುಕ್ಕಾಲು ಕೋಟಿ ಮಾತ್ರ ಇತ್ತು.

ಆಷಾಢದಲ್ಲಿ ಯಾರೂ ಬರಲಿಲ್ಲ, ಬರೋದೂ ಇಲ್ಲ. ಶ್ರಾವಣದಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವ ಒಂದು ಜೋಡಿ ಬಂತು. ಬ್ಯಾಂಕು ಕಟ್ಟಿದ ಬೆಲೆಗೂ ನಮ್ಮ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಒಂದು ಕೋಟಿ ಐದಕ್ಕೆ ಮಾತು ಮುಗಿಯಿತು. ಅವರು ನಿಯಮದಂತೆ 1% ಟಿಡಿಎಸ್ ಹಿಡಿದು, ಉಳಿದದ್ದನ್ನೆಲ್ಲ ಅಮ್ಮನ ಖಾತೆಗೇ ಹಾಕಿದರು.

ಇನ್ನೂ ಐದಾರು ಲಕ್ಷ ಬರ್ತಿತ್ತು ಅಂತ ಅಣ್ಣ ಇವತ್ತಿಗೂ ಹೇಳ್ತಾನೆ. ಬರ್ತಿತ್ತೋ ಏನೋ. ತಿಂಗಳು ತಿಂಗಳು ಬಡ್ಡಿ ಜಮಾ ಆದ ಮೆಸೇಜು ಬಂದಾಗ ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದುತ್ತಾರೆ. ಆಮೇಲೆ ನೋಡಿಕೊಳ್ಳುವ ಹುಡುಗಿಯನ್ನು ಕರೆದು, ಆ ತಿಂಗಳ ಸಂಬಳ ಎಣಿಸಿ ಕೊಡುತ್ತಾರೆ.